ಎಣ್ಣೆ ಹಚ್ಚಿದ ಮೊಳೆ

ನಾನು ಹಳೇಬೀಡಿನ ಹೈಸ್ಕೂಲಿನಲ್ಲಿ ಹತ್ತನೇ ತರಗತಿ ಓದುತ್ತಿದ್ದ ಕಾಲಕ್ಕೆ ರಾಸಾಯನಿಕ ಕ್ರಿಯೆಗಳೆಲ್ಲ ಬಸ್ಸಿನಲ್ಲೇ ನಡೆಯುತ್ತಿದ್ದವು. ವಿಜ್ಞಾನದ ಮೇಷ್ಟ್ರು ದಿನವೂ ಹಾಸನದಿಂದ ನಿಂತುಕೊಂಡೇ ಬರುತ್ತಿದ್ದರು. ಉದಾಹರಣೆಗಳನ್ನೂ ದಾರಿಯಲ್ಲೇ ಹೆಕ್ಕಿಕೊಳ್ಳುತ್ತಿದ್ದರು. ಇಬ್ಬರು ಒತ್ತಿಕೊಂಡು ಒಂದೇ ಸೀಟಿನಲ್ಲಿ ಕೂತರೆ ಸಂಯೋಗ. ಕಂಡಕ್ಟರು ಗದರಿಸಿ ಬೇರೆ ಮಾಡಿದರೆ ವಿಭಜನೆ. "ಹಗರೆ ಸ್ಟಾಪಲ್ಲಿ ಒಬ್ಬ ಗಟ್ಟಿ ಹೆಂಗಸು ಹತ್ತಿ, ಕೂತಿದ್ದೋನ್ನ ಎಬ್ಬಿಸಿ ತಾನು ಕೂತ್ರೆ ಸ್ಥಾನಪಲ್ಲಟ ಕಣ್ರೋ!" ಜೋಡಿಗಳೇ ಅದಲುಬದಲಾಗುವ ದ್ವಿಸ್ಥಾನಪಲ್ಲಟಕ್ಕೆ ಎರಡು ಜೋಡಿ ಗಂಡಹೆಂಡಿರನ್ನು ಬಸ್ಸು ಹತ್ತಿಸಿದವರು, ಹುಡುಗಿಯರ ಸಾಲು ನೋಡಿ ಕೆಮ್ಮಿ, ಅರ್ಧ ದಾರಿಯಲ್ಲೇ ಇಳಿಸಿಬಿಟ್ಟರು.

ಒಮ್ಮೆ ಶಾಲೆ ನೋಡಲು ಇಲಾಖೆಯ ಸಾಹೇಬರು ಬರುವುದಿತ್ತು. ಮೈಲುತುತ್ತದ ನೀಲಿ ನೀರಿಗೆ ಕಬ್ಬಿಣದ ಮೊಳೆ ಹಾಕಿ, ಕಬ್ಬಿಣವು ಅದರೊಳಗಿನ ತಾಮ್ರವನ್ನು ಎಬ್ಬಿಸುವುದನ್ನು ತೋರಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ನನ್ನ ಜಾಣತನಕ್ಕಲ್ಲ, ತೆಂಗಿನ ಮರಗಳಿಗೆ ಹೊಡೆಯಲು ತಂದ ಮೈಲುತುತ್ತ ನಮ್ಮ ಮನೆಯಲ್ಲಿತ್ತು. ಮೊಳೆಯನ್ನೂ ಮನೆಯಿಂದಲೇ ತರಬೇಕಿತ್ತು.

"ಸರಿಯಾಗಿ ಮಾಡಿದ್ರೆ ಹಾಸನದ ವಸ್ತುಪ್ರದರ್ಶನಕ್ಕೆ ನಿನ್ನೇ ಕಳಿಸ್ತೀನಿ. ಕೆಡಿಸಿದ್ರೆ ಮಂಜುಳ ಹೋಗ್ತಾಳೆ," ಎಂದರು ಮೇಷ್ಟ್ರು.

ಮನೆಯವರು ಜೊತೆಗಿಲ್ಲದೆ ನಾನು ಅದುವರೆಗೆ ಹಾಸನ ಕಂಡವಳಲ್ಲ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಗೂ ಅಂಥ ಆಸೆ ಇರುತ್ತದೆ.

ಸಾಹೇಬರು ಬಂದರು. ಮೊಳೆಯನ್ನು ನೀರಿಗೆ ಇಳಿಬಿಟ್ಟೆ. ತಾಮ್ರ ಹತ್ತಿ ಕೆಂಪಾಗಬೇಕಿದ್ದ ಮೊಳೆ ಮದುಮಗನಂತೆ ಮಿರಮಿರ ಮಿಂಚುತ್ತ ಹಾಗೇ ನಿಂತಿತು. ಮೇಷ್ಟ್ರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಪಕ್ಕದಲ್ಲಿದ್ದ ಮಂಜುಳ, "ಹಗರೆಯಿಂದ ಬಸ್ಸೇ ಬಿಟ್ಟಿಲ್ಲ ಕಣೇ," ಎಂದು ಪಿಸುಗುಟ್ಟಿದಳು.

ಲೋಟದ ಮೇಲೆ ಬಗ್ಗಿದಾಗ ಕೊಬ್ಬರಿ ಎಣ್ಣೆಯ ವಾಸನೆ ಬಂತು. ತುಕ್ಕು ಹಿಡಿಯದಿರಲೆಂದು ಕುಡುಗೋಲಿನಿಂದ ಹಿಡಿದು ಬಾಗಿಲ ಚಿಲಕದವರೆಗೆ ಎಲ್ಲಕ್ಕೂ ಎಣ್ಣೆ ಸವರುವುದು ನಮ್ಮ ಅಜ್ಜಿಯ ಪದ್ಧತಿ. ಮೊಳೆಯನ್ನು ತೆಗೆದು ಹೊಸ್ತಿಲ ಕಲ್ಲಿಗೆ ಗರಗರ ಉಜ್ಜಿ ಮತ್ತೆ ಅದ್ದಿದೆ. ನೋಡುತ್ತಿದ್ದಂತೆ ಕೆಂಪೇರಿತು.

"ಮೊದ್ಲು ಯಾಕಾಗ್ಲಿಲ್ಲಮ್ಮಾ?" ಸಾಹೇಬರು ಕೇಳಿದರು.

"ಎಣ್ಣೆ ಹಚ್ಚಿತ್ತು ಸರ್. ನೀರು ಕಬ್ಬಿಣಕ್ಕೆ ತಾಗ್ಲಿಲ್ಲ."

"ಯಾರು ಹಚ್ಚಿದ್ದು?"

"ನಮ್ಮಜ್ಜಿ ಸರ್."

ಸಾಹೇಬರೇ ಮೊದಲು ನಕ್ಕರು. ಆಮೇಲೆ ಮೇಷ್ಟ್ರಿಗೂ ನಗುವ ಧೈರ್ಯ ಬಂತು. ಹಾಸನಕ್ಕೆ ನಾನೇ ಹೋಗುವುದೆಂದಾಯಿತು.

ಆದರೂ ಸಂಜೆ ಮನೆಗೆ ಬಂದು ಅಜ್ಜಿಯ ಮೇಲೆ ಹರಿಹಾಯ್ದೆ. "ನನ್ನನ್ನ ಕೇಳ್ದೆ ಮೊಳೆಗೆ ಯಾಕೆ ಎಣ್ಣೆ ಹಚ್ದೆ?"

"ಸ್ಕೂಲ್ಗೆ ಹೋಗೋ ಸಾಮಾನು, ಒಣಕಲಾಗಿ ಹೆಂಗೆ ಕಳಿಸ್ಲೇ? ದಿನಾ ನಿನ್ ತಲೆಗೂ ಹಚ್ಚೇ ಕಳಿಸ್ತೀನಿ. ನಿನ್ನೇನು ಕೇಳ್ತೀನಾ?"

ಅಜ್ಜಿ ಈಗಿಲ್ಲ. ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಎಲ್ಲವೂ ಶುಭ್ರವಾಗಿ, ಮುಚ್ಚಿದ ಡಬ್ಬಿಗಳಲ್ಲಿ ಬರುತ್ತದೆ. ಕ್ರಿಯೆಗಳು ಪುಸ್ತಕದಲ್ಲಿರುವಂತೆಯೇ ನಡೆಯುತ್ತವೆ. ನನ್ನ ಮೇಜಿನ ಮೇಲೆ 'ಕೇಳದೆ ಮುಟ್ಟಬೇಡಿ' ಎಂಬ ಚೀಟಿ ಇದೆ. ಅಂಟಿಸಿದವಳು ನಾನೇ. ಎಲ್ಲರೂ ಅದರಂತೆಯೇ ನಡೆದುಕೊಳ್ಳುತ್ತಾರೆ.