ತುಂಬದ ಗುಂಡಿಗಳ ಮೇಸ್ತ್ರಿ

ಕಳೆದ ವಾರ ಗುಬ್ಬಿ ರಸ್ತೆಯಲ್ಲಿ, ನಾರಿನ ಫ್ಯಾಕ್ಟರಿಯೊಂದರ ಮುಂದೆ ನಮ್ಮ ಬಸ್ಸು ಕೆಟ್ಟು ನಿಂತಿತು. ಹಿಂದಿನ ದಿನ ಮಳೆಯಾಗಿತ್ತು. ಅಂಗಳದಲ್ಲಿ ಗುಡ್ಡೆ ಹಾಕಿದ್ದ ತೆಂಗಿನ ಮಟ್ಟೆ ನೆನೆದು ವಾಸನೆ ಬಿಡುತ್ತಿತ್ತು. ಸ್ವಲ್ಪ ಹುಳಿ, ಸ್ವಲ್ಪ ಹಸಿಮಣ್ಣು, ಸ್ವಲ್ಪ ಹಳೇ ಗೋಣಿಚೀಲ. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ಆ ವಾಸನೆ ಬಂದಾಗಲೆಲ್ಲ ಅದರ ಹಿಂದೆಯೇ ಒಬ್ಬರು ನೆನಪಿಗೆ ಬರುತ್ತಾರೆ... ಮೊಣಕಾಲಿನವರೆಗೆ ಮಡಚಿದ ಪಂಚೆ, ಹೆಗಲ ಮೇಲೆ ಹಾರೆ.

ಗುಬ್ಬಿಯಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ಬೀದಿಗೆಲ್ಲ ಅವರು ಮೇಸ್ತ್ರಿ, ನನಗೆ ಮೇಸ್ತ್ರಣ್ಣ. ಗೋಡೆ ಕಟ್ಟುವ ಮೇಸ್ತ್ರಿಗಳು ಊರಲ್ಲಿ ಬೇಕಾದಷ್ಟು ಜನ ಇದ್ದರು. ಇವರದು ಕಕ್ಕಸು ಗುಂಡಿಯ ಕೆಲಸ. ಹೊಸ ಮನೆಗೆ ಪಾಯ ತೆಗೆಯುವ ಮೊದಲೇ ಜನ ಬಂದು ಇವರನ್ನು ಕರೆದೊಯ್ಯುತ್ತಿದ್ದರು. ಹಾರೆಯಿಂದ ನೆಲವನ್ನು ಅಲ್ಲಲ್ಲಿ ಕುಕ್ಕಿ, ಶಬ್ದ ಕೇಳಿ, ಒಂದು ಜಾಗ ತೋರಿಸುತ್ತಿದ್ದರು. ಅಲ್ಲಿ ತೋಡಲು ಶುರು ಮಾಡಿದರೆ ಬಂಡೆಯಲ್ಲಿ ಬಿರುಕು ಸಿಗುವವರೆಗೆ ನಿಲ್ಲಿಸುತ್ತಿರಲಿಲ್ಲ. "ನಾನ್ ತೋಡಿದ್ ಗುಂಡಿ ತುಂಬ್ತು ಅಂತ ಒಬ್ರಾದ್ರೂ ಬಂದವ್ರಾ ಕೇಳಿ" ಎನ್ನುವುದು ಅವರ ಹೆಮ್ಮೆಯ ಮಾತು. ನಿಜಕ್ಕೂ ಯಾರೂ ಬಂದಿರಲಿಲ್ಲ. ನಮ್ಮ ಬೀದಿಯ ಹದಿನೇಳು ಮನೆಯ ಗುಂಡಿಗಳೂ ಅವರು ತೋಡಿದವೇ. ಬೀದಿಯ ತುದಿಯಲ್ಲಿ ಕೊಬ್ಬರಿ ವ್ಯಾಪಾರದ ಸಾಹುಕಾರರ ಎರಡಂತಸ್ತಿನ ಮನೆಗೆ ಗುಂಡಿಯೂ ಬೇಕಾಗಿರಲಿಲ್ಲ. ಹಿತ್ತಲಲ್ಲಿ ನೀರು ಬಾರದೆ ಫೇಲಾದ ಹಳೆಯ ಬೋರ್‌ವೆಲ್ ಒಂದಿತ್ತು. ಮೇಸ್ತ್ರಣ್ಣ ಕಕ್ಕಸಿನ ಪೈಪನ್ನು ನೇರವಾಗಿ ಅದಕ್ಕೇ ಇಳಿಸಿಬಿಟ್ಟಿದ್ದರು. ಆಗ ಅದನ್ನು ಎಲ್ಲರೂ ಜಾಣತನ ಎಂದೇ ಹೊಗಳಿದ್ದರು.

ನಾನು ಆಗಷ್ಟೇ ತುಮಕೂರಿನ ನೀರು ಪರೀಕ್ಷೆಯ ಲ್ಯಾಬೊಂದಕ್ಕೆ ಸೇರಿದ್ದೆ. ದಿನಾ ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಅವರು ಜಗಲಿಯ ಮೇಲಿಂದ ಕೇಳುತ್ತಿದ್ದರು, "ಯಾರ್ ಮನೆ ನೀರ್ ಕೆಟ್ಟೈತವ್ವ ಇವತ್ತು?" ನಾನು ನಗುತ್ತಿದ್ದೆ. ನಮ್ಮ ಬೀದಿಯ ನೀರನ್ನು ಪರೀಕ್ಷೆ ಮಾಡಬೇಕೆಂದು ನನಗೇ ಹೊಳೆದಿರಲಿಲ್ಲ. ಬೀದಿಗೆಲ್ಲ ನೀರು ಕೊಡುವ ಸಣ್ಣ ಟ್ಯಾಂಕು, ನಮ್ಮ ತೊಂಬೆಗೆ ಬರುತ್ತಿದ್ದ ಬೋರ್ ನೀರು ಸಿಹಿ, ತಿಳಿ. ಬೇಳೆ ಚೆನ್ನಾಗಿ ಬೇಯುತ್ತಿತ್ತು. ಇನ್ನೇನು ಬೇಕು?

ಅವರ ಒಬ್ಬಳೇ ಮಗಳನ್ನು ಹೆಬ್ಬೂರಿಗೆ ಕೊಟ್ಟಿದ್ದರು. ಅವಳು ಮೊದಲ ಬಾಣಂತನಕ್ಕೆ ತವರಿಗೆ ಬಂದಳು, ಹೆಣ್ಣುಮಗು. ಎರಡನೇ ತಿಂಗಳಲ್ಲಿ ಜ್ವರ ಬಂದು ಅವಳ ಹಾಲು ಬತ್ತಿತು. ಮಗುವಿಗೆ ಪುಡಿ ಹಾಲು ಶುರುವಾಯಿತು. ಒಂದು ಭಾನುವಾರ ಬೆಳಿಗ್ಗೆ ಅವಳು ಮಗುವನ್ನೆತ್ತಿಕೊಂಡು ನಮ್ಮ ಮನೆಗೆ ಓಡಿ ಬಂದಳು. ಮಗುವಿನ ತುಟಿ, ಉಗುರು ನೇರಳೆ ಹಣ್ಣು ತಿಂದವರ ಹಾಗೆ ನೀಲಿಯಾಗಿದ್ದವು. ಮಗು ಅಳುತ್ತಲೂ ಇರಲಿಲ್ಲ.

ತುಮಕೂರಿನ ಆಸ್ಪತ್ರೆಗೆ ಅವರ ಜೊತೆ ನಾನೂ ಹೋದೆ. ಡಾಕ್ಟರು ತೆಗೆದ ರಕ್ತ ಕೆಂಪಗಿರಲಿಲ್ಲ, ಕಂದು ಬಣ್ಣಕ್ಕಿತ್ತು. ಅದನ್ನು ನೋಡಿದ ಕೂಡಲೇ ಅವರು ಕೇಳಿದ್ದು ಒಂದೇ ಮಾತು: "ಹಾಲಿಗೆ ಯಾವ ನೀರು ಹಾಕ್ತೀರಾ?"

"ಬೋರ್ ನೀರೇ ಡಾಕ್ಟ್ರೆ" ಎಂದರು ಮೇಸ್ತ್ರಣ್ಣನ ಹೆಂಡತಿ. "ಎಳೇ ಮಗು ಅಂತ ಚೆನ್ನಾಗಿ ಕುದಿಸ್ತೀನಿ. ಅರ್ಧ ಇಂಗೋವರ್ಗೂ ಕುದಿಸ್ತೀನಿ."

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಲ್ಯಾಬಿನವಳೆಂದು ಆಗಲೇ ಹೇಳಿಕೊಂಡಿದ್ದೆ. "ನಾಳೆ ಆ ನೀರು ಟೆಸ್ಟ್ ಮಾಡಿ" ಎಂದರು. ನೀರಿನಲ್ಲಿರುವ ನೈಟ್ರೇಟ್ ಎಂಬ ಲವಣ ಎಳೆ ಮಗುವಿನ ರಕ್ತವನ್ನು ಹೀಗೆ ಕಂದಾಗಿಸುತ್ತದೆ ಎಂದು ಓದಿದ್ದೆ. ಅದು ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಆ ಅಜ್ಜಿ ಅಕ್ಕರೆಯಿಂದ ಕುದಿಸಿದಷ್ಟೂ...

ಔಷಧಿ ಹಿಡಿಯಿತು. ಮೂರು ದಿನದಲ್ಲಿ ಮಗುವಿನ ತುಟಿಗೆ ಬಣ್ಣ ಮರಳಿತು. ಆದರೆ ಲ್ಯಾಬಿನ ಫಲಿತಾಂಶ ನಾನು ಹೆದರಿದ ಹಾಗೆಯೇ ಬಂತು. ನಮ್ಮ ಬೀದಿಯ ನೀರಿನಲ್ಲಿ ನೈಟ್ರೇಟ್ ಮಿತಿಯನ್ನು ಎಷ್ಟೋ ದಾಟಿತ್ತು. ನಮ್ಮ ಲ್ಯಾಬಿನ ಹಿರಿಯರು ಸುತ್ತಲೂ ಗೊಬ್ಬರ ಹಾಕುವ ಹೊಲಗಳಿವೆಯೇ ಎಂದು ಕೇಳಿದರು. ಇಲ್ಲವೆಂದೆ. "ಹಾಗಾದ್ರೆ ಕಕ್ಕಸು ಗುಂಡಿಗಳು ಎಷ್ಟು ಆಳ ಇದಾವೆ?" ಎಂದರು. ಅದಕ್ಕೆ ಉತ್ತರ ಇಡೀ ಬೀದಿಗೆ ಗೊತ್ತಿತ್ತು.

ಮೇಸ್ತ್ರಣ್ಣನಿಗೆ ನಾನೇ ಹೇಳಬೇಕಾಯಿತು. ಸಂಜೆ ಅವರ ಜಗಲಿಯ ಮೇಲೆ ಕೂತು, ಗುಂಡಿಯಿಂದ ಇಳಿದ ಕೊಳಕು ನೀರು ಮಣ್ಣಿನಲ್ಲಿ ಸೋಸಿಹೋಗದೆ ಬಂಡೆಯ ಬಿರುಕಿನಲ್ಲಿ ಹರಿದು ಬೋರಿಗೆ ಸೇರುತ್ತಿದೆ ಎಂದು ವಿವರಿಸಿದೆ. ಮೂತ್ರದಲ್ಲಿರುವ ಸಾರವೇ ನೆಲದೊಳಗೆ ನೈಟ್ರೇಟ್ ಆಗುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದೂ ಹೇಳಿದೆ. ಅವರು ಬೀಡಿ ಹಚ್ಚಲು ತೆಗೆದವರು ಹಚ್ಚಲಿಲ್ಲ. ಅದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಹೇಳಿದರು:

"ಅಂದ್ರೆ ಇಷ್ಟ್ ದಿನ ನಾನ್ ತೋಡಿದ್ದು ಗುಂಡಿ ಅಲ್ಲ ಕಣವ್ವ. ದಾರಿ ತೋಡಿವ್ನಿ."

ಮಗಳು ಮಗುವನ್ನೆತ್ತಿಕೊಂಡು ಹೆಬ್ಬೂರಿಗೆ ಹೊರಟುಹೋದಳು. ಅಪ್ಪನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಆಮೇಲೆ ಹಬ್ಬಕ್ಕೆಂದು ಬಂದಾಗಲೂ ಗಂಡನ ಮನೆಯಿಂದ ಒಂದು ಕ್ಯಾನ್ ನೀರು ಹೊತ್ತು ತಂದಳು. ಸಂಜೆ ಬಸ್ಸಿಗೆ ಹೊರಡುವವರೆಗೂ ತವರಿನ ಒಂದು ಗುಟುಕು ನೀರು ಮುಟ್ಟಲಿಲ್ಲ. ಆ ಕ್ಯಾನನ್ನು ಬಾಗಿಲ ಹತ್ತಿರ ನೋಡಿ ಮೇಸ್ತ್ರಣ್ಣ ಒಳಗೆ ಹೋಗದೆ ಹಿತ್ತಲಿಗೆ ನಡೆದಿದ್ದನ್ನು ನಾನು ನಮ್ಮ ಮನೆಯ ಕಿಟಕಿಯಿಂದ ಕಂಡೆ.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಅವರೂ ಬಂದರು. ಒಗೆದ ಅಂಗಿ ಹಾಕಿದ್ದರು. "ನಿಮ್ ಲ್ಯಾಬ್‌ನೋರ್ಗೆ ನನ್ನ ತೋರ್ಸು. ಹೆಂಗ್ ಮುಚ್ಚಬೇಕು ಅನ್ನೋದು ನಂಗೊತ್ತು. ಹೆಂಗ್ ತೋಡಬೇಕಿತ್ತು ಅನ್ನೋದ್ನ ಹೇಳಿಕೊಡ್ಲಿ."

ಲ್ಯಾಬಿನಲ್ಲಿ ನಮ್ಮ ಹಿರಿಯರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮೊದಲು ತಳ, ಗೋಡೆ ಎಲ್ಲ ಗಾರೆ ಮಾಡಿದ ಸೆಪ್ಟಿಕ್ ಟ್ಯಾಂಕು. ಅಲ್ಲಿ ಗಸಿ ಇಳಿದ ಮೇಲೆ ನೀರು ಗಾಳಿಯಾಡುವ ಜಲ್ಲಿಯ ಮೇಲೆ ಹನಿದು ಹೋಗಬೇಕು. ಗಾಳಿಯಲ್ಲಿ ಬದುಕುವ ಒಂದು ಜಾತಿಯ ಸೂಕ್ಷ್ಮಜೀವಿ ಅಲ್ಲಿ ಮೂತ್ರದ ಸಾರವನ್ನು ನೈಟ್ರೇಟ್ ಮಾಡುತ್ತದೆ. ಆಮೇಲೆ ಅದೇ ನೀರು ಗಾಳಿಯಿಲ್ಲದ ಇನ್ನೊಂದು ತೊಟ್ಟಿಯಲ್ಲಿ, ಮರದ ಚಕ್ಕೆಗಳ ನಡುವೆ ಮುಳುಗಿ ನಿಲ್ಲಬೇಕು. ಅಲ್ಲಿ ಇನ್ನೊಂದು ಜಾತಿ ಚಕ್ಕೆಯನ್ನು ತಿನ್ನುತ್ತಾ ನೈಟ್ರೇಟನ್ನು ಒಡೆದು ಬರೀ ಗಾಳಿ ಮಾಡಿ ಬಿಟ್ಟುಬಿಡುತ್ತದೆ.

"ಮರದ್ ಚಕ್ಕೇನೇ ಆಗ್ಬೇಕಾ?" ಎಂದು ಕೇಳಿದರು ಮೇಸ್ತ್ರಣ್ಣ. "ನಮ್ಮೂರಲ್ಲಿ ತೆಂಗಿನ ಮಟ್ಟೆ ಬಿದ್ ಕೊಳೀತೈತೆ. ಅದುನ್ನ ಕೊಚ್ಚಿ ತುಂಬುದ್ರೆ ತಿನ್ನಕ್ಕಿಲ್ವಾ ಅವು?"

ನಮ್ಮ ಹಿರಿಯರು ಪೆನ್ನು ಕೆಳಗಿಟ್ಟು ಅವರ ಮುಖ ನೋಡಿದರು. "ತಿನ್ನಬಹುದು. ಮಾಡಿ ನೋಡೋಣ" ಎಂದರು.

ಮೇಸ್ತ್ರಣ್ಣ ಮೊದಲು ತಮ್ಮ ಮನೆಯ ಗುಂಡಿಯನ್ನೇ ಮುಚ್ಚಿ ಹೊಸದು ಕಟ್ಟಿದರು. ಕೊಚ್ಚಿದ ಮಟ್ಟೆಯನ್ನು ಮಂಕರಿಗಟ್ಟಲೆ ತುಂಬಿದರು. ಕೊನೆಯಲ್ಲಿ ಹೊರಬರುವ ನೀರಿಗೆ ಕಾಬಾಳೆ ಹೂಗಿಡ, ಬಾಳೆ ನೆಟ್ಟರು. ಕೆಲವು ತಿಂಗಳಲ್ಲಿ ನಾನು ತುದಿಯ ನೀರನ್ನು ಲ್ಯಾಬಿಗೆ ಒಯ್ದೆ. ಒಳಗೆ ಹೋದ ನೈಟ್ರೇಟಿನಲ್ಲಿ ಬಹುಪಾಲು ಹೊರಗೆ ಬಂದಿರಲಿಲ್ಲ. ಬೀದಿಯವರು ಬಂದು ನೋಡಿದರು, ತಲೆದೂಗಿದರು, ಒಬ್ಬೊಬ್ಬರಾಗಿ ಒಪ್ಪಿದರು. ಸಾಹುಕಾರರು ಮಾತ್ರ ಒಪ್ಪಲಿಲ್ಲ. ಅವರ ಹಿತ್ತಲಿನ ಬೋರ್ ಮುಚ್ಚದಿದ್ದರೆ ಉಳಿದವರು ಏನು ಮಾಡಿದರೂ ಪ್ರಯೋಜನವಿರಲಿಲ್ಲ.

ಒಂದು ಸಂಜೆ ಬೀದಿಯವರೆಲ್ಲ ಅವರ ಮನೆ ಮುಂದೆ ಸೇರಿದ್ದೆವು. ಸಾಹುಕಾರರು ಮೆಟ್ಟಿಲ ಮೇಲೆ ನಿಂತು ಹೇಳಿದರು, "ನೋಡು ಮೇಸ್ತ್ರಿ, ಅವತ್ತು ಇದೇ ಸರಿ ಅಂತ ನೀನೇ ಮಾಡ್ಕೊಟ್ಟೆ. ಇವತ್ತು ತಪ್ಪು ಅಂತ ನೀನೇ ಬಂದಿದೀಯ. ನಿನ್ನ ಯಾವ ಮಾತು ನಂಬ್ಲಿ?"

"ಯಾವುದೂ ನಂಬಬ್ಯಾಡಿ ಸಾವ್ಕಾರ್ರೆ" ಎಂದರು ಮೇಸ್ತ್ರಣ್ಣ. "ಅವತ್ ತಪ್ ಮಾಡ್ದೋನು ನಾನೇ. ಎಲ್ಲರ ಮುಂದೆ ಹೇಳ್ತಿವ್ನಿ. ಈ ಹುಡುಗಿ ಲ್ಯಾಬಲ್ಲಿ ಒಂದ್ ಬಣ್ಣ ಐತಂತೆ. ನಿಮ್ ಕಕ್ಕಸಿಗೆ ಸುರೀತೀನಿ. ನಮ್ ಬೋರಲ್ಲಿ ಆ ಬಣ್ಣ ಬರ್ಲಿಲ್ಲ ಅಂದ್ರೆ, ನಾನು ಇನ್ ಗುದ್ಲಿ ಮುಟ್ಟಕ್ಕಿಲ್ಲ."

ನೆಲದೊಳಗಿನ ಬಿರುಕು ಯಾವ ಕಡೆ ಓಡುತ್ತದೋ ಯಾರಿಗೆ ಗೊತ್ತು? ಬಣ್ಣ ಬಾರದೆಯೂ ಇರಬಹುದು ಎಂದು ಅವರಿಗೆ ಪಿಸುಗುಟ್ಟಿದೆ. "ಬಂದೇ ಬತ್ತದೆ" ಎಂದರು. "ಆ ಬಂಡೆ ನಾನ್ ನೋಡಿವ್ನಿ."

ಆ ಬಣ್ಣ ನೀರಿನ ದಾರಿ ಹುಡುಕಲು ಬಳಸುವ, ಅಪಾಯವಿಲ್ಲದ, ನೀರನ್ನು ಹಸಿರಾಗಿಸುವ ಪುಡಿ. ಲ್ಯಾಬಿನ ಹಿರಿಯರೇ ಬಂದು ಅಳತೆ ಮಾಡಿ ಸುರಿದರು. ಅಷ್ಟು ದಿನ ಬೋರ್ ನೀರನ್ನು ಬಾಯಿಗೆ ಹಾಕಬಾರದೆಂದು ಮನೆಮನೆಗೂ ಹೇಳಿ ಬಂದೆವು. ನಾನು ದಿನವೂ ತೊಂಬೆಯಿಂದ ಒಂದು ಬಾಟಲಿ ಹಿಡಿದು ಬಿಸಿಲಿಗೆ ಎತ್ತಿ ನೋಡುತ್ತಿದ್ದೆ. ಒಂದು ವಾರ ಕಳೆಯಿತು, ಏನೂ ಇಲ್ಲ. ಹತ್ತು ದಿನವಾಯಿತು. ಮೇಸ್ತ್ರಣ್ಣ ಕೆಲಸಕ್ಕೆ ಹೋಗುವುದನ್ನು ಬಿಟ್ಟರು. ಬಸ್ಸಿಗೆ ಹೋಗುವಾಗ ನನ್ನನ್ನು ಏನೂ ಕೇಳುತ್ತಿರಲಿಲ್ಲ, ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದರು.

ಹದಿಮೂರನೇ ದಿನ ಬೆಳಿಗ್ಗೆ ನಾನು ಬಾಟಲಿ ಹಿಡಿಯಲು ಹೊರಡುವ ಮೊದಲೇ ಬೀದಿಯಲ್ಲಿ ಸಾಹುಕಾರರು ನಡೆದು ಬರುವುದು ಕಂಡಿತು. ಸ್ನಾನವಾಗಿತ್ತು, ಹಣೆಯಲ್ಲಿ ವಿಭೂತಿ. ಕೈಯಲ್ಲಿ ಪೂಜೆಗೆಂದು ತೊಂಬೆಯ ನೀರು ತುಂಬಿದ್ದ ಬೆಳ್ಳಿ ತಂಬಿಗೆ. ಮೇಸ್ತ್ರಣ್ಣನ ಜಗಲಿಯ ಮುಂದೆ ನಿಂತು ಅದನ್ನು ಬಗ್ಗಿಸಿ ತೋರಿಸಿದರು. ನೀರು ಎಳೆ ಹುಲ್ಲಿನ ಬಣ್ಣಕ್ಕೆ ಹೊಳೆಯುತ್ತಿತ್ತು.

ಸಾಹುಕಾರರ ದನಿ ಇಳಿದಿತ್ತು. "ದೇವರ ತಲೆ ಮೇಲೆ ಇದನ್ನೇ ಹುಯ್ತಿದ್ದೆನಲ್ಲೋ ಮೇಸ್ತ್ರಿ. ನಡಿ, ಇವತ್ತೇ ನಮ್ಮನೇದು ಒಡಿ."

ಗೆದ್ದ ಸಂತೋಷವನ್ನು ಮೇಸ್ತ್ರಣ್ಣ ತೋರಿಸಲಿಲ್ಲ. ತಂಬಿಗೆಯನ್ನು ಎರಡೂ ಕೈಯಲ್ಲಿ ತಗೊಂಡು ನೋಡಿದರು. ಆಮೇಲೆ ಹಾರೆ ಎತ್ತಿಕೊಂಡು ಸಾಹುಕಾರರ ಹಿಂದೆ ನಡೆದರು.

ಆ ಬೇಸಿಗೆಯನ್ನು ನಾನು ಮರೆಯಲಾರೆ. ಹಳೆಯ ಬೋರಿಗೆ ಜೇಡಿಮಣ್ಣು ತುಂಬಿ, ಮೇಲೆ ಸಿಮೆಂಟು ಜಡಿದರು. ಉಳಿದ ಹದಿನಾರು ಮನೆಯ ಗುಂಡಿಗಳು ಒಂದೊಂದಾಗಿ ಮುಚ್ಚಿದವು. ಜಾಗವಿಲ್ಲದ ಮನೆಗಳಿಗೆ ಹಿಂದಿನ ಸಂದಿಯಲ್ಲಿ ಒಟ್ಟಿಗೆ ಒಂದೇ ತೊಟ್ಟಿ. ಸಾಹುಕಾರರ ತೋಟದಿಂದ ಗಾಡಿಗಟ್ಟಲೆ ಮಟ್ಟೆ ಬಂತು. ಹೆಂಗಸರೆಲ್ಲ ಕೂತು ಮಚ್ಚಿನಲ್ಲಿ ಕೊಚ್ಚಿದರು. ಇಡೀ ಬೀದಿ ಆ ಹುಳಿ ವಾಸನೆಯಲ್ಲಿ ಮುಳುಗಿತ್ತು.

ಆದರೆ ನೆಲದ ನೀರು ನಮ್ಮ ಅವಸರಕ್ಕೆ ಬದಲಾಗುವುದಿಲ್ಲ. ಮೊದಲ ವರ್ಷದ ಫಲಿತಾಂಶ ಹೆಚ್ಚುಕಡಿಮೆ ಹಾಗೇ ಇತ್ತು. ಕೆಲವರು ಗೊಣಗಿದರು. "ಇಪ್ಪತ್ ವರ್ಸ ಸುರ್ದಿದ್ದು ಒಂದ್ ಮಳೆಗೆ ತೊಳ್ಕೊಂಡ್ ಹೋಯ್ತದಾ? ತಡೀರಿ" ಎಂದರು ಮೇಸ್ತ್ರಣ್ಣ. ಎರಡನೇ ವರ್ಷ ಅರ್ಧಕ್ಕಿಳಿಯಿತು. ಮೂರನೇ ವರ್ಷ, ದೀಪಾವಳಿಯ ಹಿಂದಿನ ದಿನ, ನಾನು ಫಲಿತಾಂಶದ ಕಾಗದ ಹಿಡಿದು ಬಸ್ಸಿಳಿದು ಓಡಿಕೊಂಡೇ ಹೋದೆ. ಅವರು ಜಗಲಿಯ ಮೇಲಿದ್ದರು. ಹಬ್ಬಕ್ಕೆ ಬಂದಿದ್ದ ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳ ಪಕ್ಕದಲ್ಲಿ ಎಂದಿನಂತೆ ಹೆಬ್ಬೂರಿನ ಕ್ಯಾನು.

"ಹೇಳವ್ವ" ಎಂದರು. ಕಾಗದ ನೋಡಲಿಲ್ಲ.

"ಮಿತಿಯೊಳಗೆ ಬಂದಿದೆ ಮೇಸ್ತ್ರಣ್ಣ. ಮೂರು ಸಲ ಮಾಡಿ ನೋಡಿದೆ. ಎಳೆ ಮಗುವಿಗೂ ಕೊಡಬಹುದು."

ಮಗಳು ಒಂದು ಲೋಟ ತಗೊಂಡು ಬೀದಿಗಿಳಿದಳು. ತೊಂಬೆಯ ನಲ್ಲಿಯಲ್ಲಿ ತುಂಬಿಕೊಂಡು, ಅಲ್ಲೇ ನಿಂತು, ತಲೆಯೆತ್ತಿ ಗಟಗಟನೆ ಕುಡಿದಳು. ಇನ್ನೊಂದು ಲೋಟ ತುಂಬಿ, ಹಿಂದೆಯೇ ಓಡಿ ಬಂದಿದ್ದ ಮಗುವಿಗೆ ಕುಡಿಸಿದಳು. "ಅಪ್ಪ, ಸಿಹಿಯಾಗೈತೆ" ಎಂದಳು. ಆಗ ಮೇಸ್ತ್ರಣ್ಣ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅಷ್ಟು ವರ್ಷಗಳಲ್ಲಿ ನಾನು ಕಂಡ ಅತಿ ದೊಡ್ಡ ಹಬ್ಬ ಅದೇ. ಸಾಹುಕಾರರ ಮನೆಯಿಂದ ಹೋಳಿಗೆ ಬಂತು. ಹದಿನೇಳು ಮನೆಯವರೂ ತೊಂಬೆಯ ಸುತ್ತ ನಿಂತು ನೀರು ಕುಡಿದೆವು, ಬಾಯಾರಿಕೆ ಇಲ್ಲದವರೂ ಕುಡಿದೆವು.

ಆಮೇಲೆ ಅವರು ಸುಮ್ಮನೆ ಕೂರಲಿಲ್ಲ. ತಾವು ಹಿಂದೆ ಎಲ್ಲೆಲ್ಲಿ ತೋಡಿದ್ದರೋ ಅದನ್ನೆಲ್ಲ ನೆನಪು ಮಾಡಿಕೊಂಡು ಒಂದೊಂದೇ ಊರಿಗೆ ಹೋದರು. ಕೆಲವರು ಬೈದು ಕಳಿಸಿದರು. ಬಹಳ ಜನ ಒಪ್ಪಿದರು. ಕೊನೆಗೆ ಹಿಡಿದದ್ದು ಕುಣಿಗಲ್‌ನಲ್ಲಿ, ಕೆರೆಯ ಕಡೆಯ ಒಂದು ಬೀದಿ. "ಅಲ್ಲಿ ಒಂಬತ್ ಗುಂಡಿ ನಂದು ಉಳ್ದವೆ" ಎನ್ನುತ್ತಿದ್ದರು. ಎಂಟನ್ನು ತಾವೇ ನಿಂತು ಮುಗಿಸಿದರು. ಒಂಬತ್ತನೆಯದರ ಗಾರೆ ಹಸಿಯಿರುವಾಗಲೇ ಎದೆನೋವು ಬಂತು... ಅವರು ತೀರಿಕೊಂಡ ಮೇಲೆ ಅದನ್ನು ಜೊತೆಯ ಕೆಲಸಗಾರರು ಮುಗಿಸಿದರು. ಅದಾಗಿ ಈಗ ಎರಡು ವರ್ಷ.

ಕಳೆದ ವಾರ ಬಸ್ಸು ಕೆಟ್ಟಾಗ ನನ್ನ ಚೀಲದಲ್ಲಿದ್ದದ್ದು ಆ ಕುಣಿಗಲ್ ಬೀದಿಯ ನೀರಿನ ಫಲಿತಾಂಶ. ಬಸ್ಸು ರಿಪೇರಿಯಾಗಿ ಗುಬ್ಬಿ ಸೇರುವಾಗ ಮಧ್ಯಾಹ್ನವಾಗಿತ್ತು. ಮೇಸ್ತ್ರಣ್ಣನ ಹೆಂಡತಿ ಜಗಲಿಯ ಮೇಲೆ ಒಬ್ಬರೇ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ.

"ಕುಣಿಗಲ್‌ದೂ ಸರಿಹೋಯ್ತಕ್ಕ" ಎಂದೆ.

"ಕುಡೀಬೋದಾ?"

"ಕುಡೀಬಹುದು."

ಅವರು ತಲೆಯಾಡಿಸಿದರು. ಒಂದಷ್ಟು ಕಾಯಿಗಳನ್ನು ನನ್ನ ಮಡಿಲಿಗೂ ಹಾಕಿದರು. ಇಬ್ಬರೂ ಸುಲಿಯುತ್ತಾ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಅವರು ಕೈ ನಿಲ್ಲಿಸಿ ಹೇಳಿದರು, "ನೀನ್ ಬಂದು ಹೇಳ್ದೆ. ನಾನ್ ಯಾರ್‌ಗೆ ಹೇಳ್ಲವ್ವ?"

ಅವರ ಕೈಯನ್ನು ಹಿಡಿದುಕೊಂಡೆ. ಅದು ಅವರೆ ಸೊಗಡಿನಿಂದ ಅಂಟಂಟಾಗಿತ್ತು.