ಚಪ್ಪಲಿ ಕಾಯುವ ಕೆಲಸ

"ನೀ ಇಲ್ಲೇ ಕುಂತಿರು" ಎಂಬ ಮಾತನ್ನು ನಾನು ಕೇಳಿದಷ್ಟು ಸಲ ನಮ್ಮ ಜಿಲ್ಲೆಯಲ್ಲಿ ಇನ್ಯಾರೂ ಕೇಳಿರಲಾರರು. ಹೇಳಿದವರೆಲ್ಲ ಒಳ್ಳೆಯವರೇ. ನನಗೆ ತಡೆಯಲಾಗದ್ದು ಅದೇ. ಕೆಟ್ಟವರಾಗಿದ್ದರೆ ಎದುರಿಗೇ ನಿಂತು ಬೈದು ಹಗುರಾಗಬಹುದಿತ್ತು.

ನಡೆಯಲು ಕಲಿತ ಹೊಸತರಲ್ಲೇ ನನ್ನ ಎಡಗಾಲಿಗೆ ಪೋಲಿಯೊ ಬಡಿಯಿತು. ಕಾಲು ಸಣಕಲಾಯಿತು, ಬಲಗಾಲಿಗಿಂತ ಗಿಡ್ಡವೂ ಆಯಿತು. ತೊಡೆಯ ಮೇಲೆ ಎಡ ಅಂಗೈ ಊರಿ ಒತ್ತಿದರೆ ಮಾತ್ರ ಹೆಜ್ಜೆ ಮುಂದಕ್ಕೆ. ಈಗ ವಯಸ್ಸಾದ ಮೇಲೆ ಬಲಗೈಗೊಂದು ಕೋಲೂ ಬಂದಿದೆ. ನಮ್ಮದು ತಾಳ್ಯದ ಕಡೆಯ ಕುರಿ ಸಾಕುವ ಮನೆ. ಚಿತ್ರದುರ್ಗಕ್ಕೆ ಹೋದಾಗಲೆಲ್ಲ ನಮ್ಮವರು ಕೋಟೆ ಹತ್ತದೆ ಬರುತ್ತಿರಲಿಲ್ಲ. ಬಂಡೆಯ ಮೇಲೆ ಚಪ್ಪಲಿ ಜಾರುತ್ತದೆಂದು ಎಲ್ಲರೂ ಅದನ್ನು ಕೆಳಬಾಗಿಲ ಹತ್ತಿರ ಬಿಟ್ಟು ಬರಿಗಾಲಲ್ಲಿ ಹೋಗುತ್ತಿದ್ದರು. ಆ ಚಪ್ಪಲಿಗಳ ಜೊತೆ ನನ್ನನ್ನೂ ಬಿಡುತ್ತಿದ್ದರು. ಅಪ್ಪನ ಮೆಟ್ಟು, ಅಮ್ಮನ ಹವಾಯಿ, ತಂಗಿಯ ಸಣ್ಣ ಚಪ್ಪಲಿ, ನಡುವೆ ನಾನು.

ಸಂಜೆ ಅವರು ಇಳಿದು ಬಂದಾಗ ಬೆವರಿನ ವಾಸನೆ, ನಗು, ಕೆಂಪಾದ ಮುಖಗಳು. "ಮೇಲೇನೈತೆ?" ಎಂದು ನಾನು ಕೇಳುತ್ತಿದ್ದೆ. "ಏನೂ ಇಲ್ಲ ಕಣೇ, ಬರೀ ಕಲ್ಲು" ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳುತ್ತಿದ್ದರು. ನನಗೆ ಬೇಜಾರಾಗದಿರಲೆಂದು ಹೇಳುತ್ತಿದ್ದರಂತೆ. ಅಯ್ಯೋ, ಏನು ಕರುಣೆ! ಬರೀ ಕಲ್ಲು ನೋಡಲು ಇವರು ಮತ್ತೆ ಮತ್ತೆ ಯಾಕೆ ಹತ್ತುತ್ತಾರೆಂದು ಯೋಚಿಸುವಷ್ಟು ಬುದ್ಧಿ ಕುಂಟಿಗೆ ಇರುವುದಿಲ್ಲ ಎಂದುಕೊಂಡಿದ್ದರೋ ಏನೋ.

ನಾನು ಓದಿ ಟೀಚರಾದೆ. ಮೊದಲು ಮಾಡದಕೆರೆಯ ಕಡೆ, ಆಮೇಲೆ ಹಿರಿಯೂರಿನಲ್ಲಿ, ನಿವೃತ್ತಿಯವರೆಗೂ ಸಮಾಜ ವಿಜ್ಞಾನ ಕಲಿಸಿದೆ. ಪ್ರತಿ ವರ್ಷ ಹಿಮನದಿಯ ಪಾಠ ಬರುತ್ತಿತ್ತು. ಐಸ್‌ಕ್ಯಾಂಡಿ ಡಬ್ಬಿಯ ಹೊರಗೆ ಮಂಜನ್ನೇ ಕಾಣದ ಮಕ್ಕಳಿಗೆ ಬೋರ್ಡಿನ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಹಿಮನದಿ ಬರೆಯುತ್ತಿದ್ದೆ. "ಮಿಸ್, ನೀವು ನೋಡೀರಾ?" ಎಂದು ಒಬ್ಬಳು ಕೇಳಿದ್ದಳು. ಸುಮ್ಮನೆ ಬರೆದುಕೋ ಎಂದು ಗದರಿಸಿದ್ದೆ. ಆದರೆ ಅವತ್ತೇ ಮನಸ್ಸಿನಲ್ಲಿ ಹಟ ಹಿಡಿದೆ: ಸಾಯುವ ಮೊದಲು ಇದೊಂದನ್ನು ನೋಡಬೇಕು, ಹತ್ತಿರದಿಂದ, ನನ್ನದೇ ಕಣ್ಣಿಂದ.

ನಿವೃತ್ತಿಯಾದ ಮೇಲೆ ದುರ್ಗದ ಒಂದು ಟೂರ್ ಆಫೀಸಿಗೆ ಹೋಗಿ ವಿಚಾರಿಸಿದೆ. ಅಲಾಸ್ಕಾದ ಹಡಗಿನ ಚಿತ್ರ ತೋರಿಸಿ ಆ ಮನುಷ್ಯ, "ಇದರಲ್ಲಿ ನೀವು ಎಲ್ಲೂ ಹತ್ತೋದು ಬೇಡ ಮೇಡಂ. ನೀವು ಕೂತಿರಿ, ಬೆಟ್ಟಗಳೇ ನಿಮ್ಮ ಮುಂದೆ ಬರ್ತವೆ" ಎಂದ. ಜೀವನದಲ್ಲಿ ಮೊದಲ ಸಲ "ಕೂತಿರಿ" ಎಂಬ ಮಾತು ಕೇಳಿ ನನಗೆ ಖುಷಿಯಾಯಿತು. ಹಡಗು ಹಿಮನದಿಯ ಎದುರು ನಿಂತಾಗ ಬೇಕಾದವರನ್ನು ಸಣ್ಣ ದೋಣಿಯಲ್ಲಿ ಇನ್ನೂ ಹತ್ತಿರ ಕರೆದುಕೊಂಡು ಹೋಗುತ್ತಾರಂತೆ. ನನ್ನ ಕಣ್ಣು ಆ ದೋಣಿಯ ಮೇಲೇ ಇತ್ತು. ಆದರೆ ಹಡಗಿನ ಪ್ರಯಾಣಕ್ಕೆ ನನ್ನಂಥವರ ಜೊತೆ ಒಬ್ಬರು ಬರಲೇಬೇಕೆಂಬ ನಿಯಮ. ನನಗಿರುವುದು ಒಬ್ಬಳೇ ತಂಗಿ. ಹೊಳಲ್ಕೆರೆಯಲ್ಲಿ ಇರುತ್ತಾಳೆ. ಬೇರೆ ದಾರಿಯಿಲ್ಲದೆ ಅವಳನ್ನು ಕರೆದೆ. ಬಂದಳು, ಬಂದವಳೇ ನನ್ನ ಮನೆಯ ಯಜಮಾನಿಯಾದಳು.

ಮೊದಲು ಬಟ್ಟೆಯ ಜಗಳ. ಒಳಗೆ ಹಾಕುವ ಉಣ್ಣೆಯ ಬನಿಯನ್, ಪ್ಯಾಂಟು, ಕೈಗವಸು ಎಂದು ಒಂದು ಗಂಟು ತಂದಳು. ಎಲ್ಲವೂ ತಲೆಯಿಂದ, ಕಾಲಿಂದ ಎಳೆದು ಹಾಕುವಂಥವು. ಪ್ಯಾಂಟು ಹಾಕಲು ಮಂಚದ ಮೇಲೆ ಮಲಗಿ ಒದ್ದಾಡಬೇಕು. ನನಗೆ ಪಕ್ಕದಲ್ಲಿ ಗುಂಡಿಯಿರುವುದು ಬೇಕೆಂದೆ. "ಅಂಥವು ಎಲ್ಲಿ ಸಿಗ್ತವೆ? ನಾ ಹಾಕ್ತೀನಿ ಬಿಡು" ಎಂದಳು.

"ನೀನು ಯಾಕೆ ಹಾಕಬೇಕು? ನಾನೇನು ಕೂಸಾ?"

"ಕೂಸಾದ್ರೂ ಮಾತು ಕೇಳ್ತಿತ್ತು."

ನಾನು ಅಪ್ಪನ ಕರಿಕಂಬಳಿ ತೆಗೆದು ಬಿಸಿಲಿಗೆ ಹಾಕಿದೆ. ಕುರಿಯ ಮನೆಯಲ್ಲಿ ಹುಟ್ಟಿದವಳಿಗೆ ಚಳಿಯ ಪಾಠ ಯಾರೂ ಹೇಳಿಕೊಡಬೇಕಿಲ್ಲ. ಮಂಡಿಯ ಮೇಲೆ ಹೊದ್ದು ಕೂತರೆ ಯಾವ ಗಾಳಿಯೂ ಒಳಗೆ ಬರದು. "ಫಾರಿನ್ನಿನೋರ ಮುಂದೆ ಕುರಿಹಟ್ಟಿ ತಗಂಡು ಹೋಗ್ತೀಯಾ?" ಎಂದು ಅವಳು ಮೂಗು ಮುರಿದಳು. ಅವಳ ತೊಟ್ಟಿಲಿಗೂ ಇದೇ ಕಂಬಳಿ ಹಾಸಿದ್ದರು. ಹಾಗೆಂದು ನೆನಪಿಸಿದೆ. ಅದಕ್ಕೂ ಏನೋ ಗೊಣಗಿದಳು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿ, "ಮಿಸ್ಸು ಹಡಗಿಗೆ ಹೋಗ್ತಾರಂತೆ, ಬಸ್ಸೇ ಹತ್ತಾಕಾಗಲ್ಲ" ಎಂದು ತನ್ನ ಸೊಸೆಗೆ ಹೇಳಿದ್ದು ನನಗೆ ಕೇಳಲಿ ಎಂದೇ ಹೇಳಿದ್ದು. ಕಂಬಳಿಯನ್ನು ಅವಳ ಗೋಡೆಯ ಕಡೆಗೇ ಜೋರಾಗಿ ಕೊಡವಿದೆ.

ಆಮೇಲೆ ಬೂಟು. ನನ್ನ ಎಡಗಾಲಿನ ಚಪ್ಪಲಿಗೆ ಯಾವಾಗಲೂ ದಪ್ಪ ಅಟ್ಟೆ ಹಾಕಿಸಬೇಕು. ಚಳಿಯ ಬೂಟಿಗೂ ಹಾಕಿಸಿಕೊಂಡು ಬರುತ್ತೇನೆಂದು ತಂಗಿ ತೆಗೆದುಕೊಂಡು ಹೋದಳು. ತಂದಾಗ ನೋಡಿದರೆ ಅಟ್ಟೆ ಬಲಗಾಲಿಗೆ! ಮೈ ಉರಿದುಹೋಯಿತು.

"ಇಷ್ಟು ವರ್ಷ ನನ್ನ ಜೊತೆ ಬೆಳೆದು ಯಾವ ಕಾಲು ಅನ್ನೋದೂ ಗೊತ್ತಿಲ್ವೇನೇ?"

"ನೀ ಎದುರಿಗೆ ನಿಂತ್ರೆ ಈ ಕಡೆದೇ ಅಲ್ವಾ" ಎಂದು ತನ್ನ ಬಲಗೈ ಎತ್ತಿ ತೋರಿಸಿದಳು. ನಗು ಬಂದರೂ ನಗಲಿಲ್ಲ. ನಕ್ಕರೆ ಗೆದ್ದೆ ಎಂದುಕೊಳ್ಳುತ್ತಾಳೆ. ಅಟ್ಟೆ ಕೀಳಿಸಿ ಎಡಗಾಲಿಗೆ ಹಾಕಿಸಿದ್ದು ನಾನೇ, ಬಸ್‌ಸ್ಟ್ಯಾಂಡಿನ ತನಕ ಕೋಲೂರಿಕೊಂಡು ಹೋಗಿ.

ಅದರ ಮರುದಿನ ಟೂರ್ ಆಫೀಸಿನವನು ನನ್ನ ಫೋನಿಗೇ ಕರೆ ಮಾಡಿದ. "ಮೇಡಂ, ದೋಣಿಗೆ ನಿಮ್ಮ ತಂಗಿಯವರು ಒಬ್ಬರೇ ಅಲ್ವಾ? ನಾಳೆ ಬೆಳಿಗ್ಗೆಯೊಳಗೆ ಪಟ್ಟಿ ಕಳಿಸ್ಬೇಕು."

ಒಬ್ಬರೇ ಎಂದು ಯಾರು ಹೇಳಿದರೆಂದು ಕೇಳಿದೆ. "ಅವರೇ ಹೇಳಿದ್ರಲ್ಲ. ಅಕ್ಕ ಹಡಗಲ್ಲೇ ಕೂತಿರ್ತಾರೆ ಅಂದ್ರು."

ದೋಣಿಗೆ ಏನು ಷರತ್ತು ಎಂದು ಕೇಳಿದೆ. ದೋಣಿಯ ಅಂಚು ಮೊಣಕಾಲಿನಷ್ಟು ಎತ್ತರವಿರುತ್ತದಂತೆ. ಅಲ್ಲಿಯವರೇ ಭುಜ ಹಿಡಿಯುತ್ತಾರೆ, ಜೊತೆಗೆ ಬೇರೆ ಯಾರೂ ಬೇಕಿಲ್ಲ, ಆದರೆ ಕಾಲೆತ್ತಿ ದಾಟುವ ಕೆಲಸ ನಮ್ಮದೇ. ಅಂಚು ಒದ್ದೆಯಿರುವುದರಿಂದ ಅದನ್ನು ಮಾತ್ರ ತುಳಿಯಬಾರದು.

ತುಳಿಯಬಾರದು! ನನಗೆ ಹೇಳುತ್ತಾನೆ! ತಾಳ್ಯದ ನಮ್ಮ ಮನೆಯ ಹೊಸ್ತಿಲು ಮೊಣಕಾಲುದ್ದದ ಮರದ ದಿಮ್ಮಿ. ಹೊಸ್ತಿಲು ತುಳಿದರೆ ಲಕ್ಷ್ಮಿಯನ್ನು ತುಳಿದಂತೆ ಎಂದು ಅಜ್ಜಿ ಬಾಗಿಲಲ್ಲೇ ಕೂತಿರುತ್ತಿದ್ದಳು. ಕುಂಟುಗಾಲೆಂದು ಅವಳು ಒಂದು ದಿನವೂ ರಿಯಾಯಿತಿ ಕೊಡಲಿಲ್ಲ. ತುಳಿದರೆ ಬೆನ್ನಿಗೆ ಪಟಾರನೆ ಬೀಳುತ್ತಿತ್ತು. ಏಟು ತಿಂದು ತಿಂದು ಕಲಿತೆ: ಪಕ್ಕಕ್ಕೆ ತಿರುಗಿ, ಲಂಗದ ಜೊತೆ ಮಂಡಿಯನ್ನೂ ಹಿಡಿದೆತ್ತಿ, ಕಾಲನ್ನು ಆಚೆಗಿಟ್ಟು, ಆಮೇಲೆ ಮೈ. ಕರುಣೆ ತೋರಿಸದ ಒಬ್ಬಳೇ ಒಬ್ಬಳು ನಮ್ಮ ಅಜ್ಜಿ. ದಾಟುವುದನ್ನು ಕಲಿಸಿದವಳೂ ಅವಳೊಬ್ಬಳೇ.

ತಂಗಿ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಹೋಗಿ ಸ್ಟವ್ ಆರಿಸಿದೆ.

"ನನ್ನ ದೋಣಿ ಯಾಕೆ ತೆಗೆಸಿದೆ?"

ಅವಳು ಹಿಟ್ಟಿನ ಕೈ ನೋಡಿಕೊಂಡಳು. "ಬಿದ್ರೆ? ಆ ನೀರಲ್ಲಿ ಬಿದ್ರೆ ಏನು ಗತಿ? ನಾ ಹೋಗಿ ಫೋಟೋ ತಕ್ಕಂಬರ್ತೀನಿ. ಅಲ್ಲೇನೈತಕ್ಕ, ಬರೀ ಮಂಜುಗಡ್ಡೆ."

ಬರೀ ಮಂಜುಗಡ್ಡೆ. ಬರೀ ಕಲ್ಲು. ಆ ಕ್ಷಣ ಅವಳ ಕೆನ್ನೆಗೆ ಹೊಡೆಯಬೇಕೆನಿಸಿತು. ಸುಳ್ಳು ಯಾಕೆ ಹೇಳಲಿ?

"ಏಳು, ದುರ್ಗಕ್ಕೆ ಹೋಗಾಣ. ಕೋಟೆ ಹತ್ತಿ ತೋರಿಸ್ತೀನಿ. ಹತ್ತಿದ್ರೆ ದೋಣಿ ನಂದು. ಆಗದಿದ್ರೆ ಹಡಗೂ ಬೇಡ, ಏನೂ ಬೇಡ, ಟಿಕೆಟ್ ವಾಪಸ್ ಮಾಡಿ ಮನೇಲಿ ಬಿದ್ದಿರ್ತೀನಿ."

"ತಲೆ ಕೆಟ್ಟೈತಾ ನಿಂಗೆ?"

"ಹೌದು, ಕೆಟ್ಟೈತೆ. ಎದ್ದೇಳು."

ಬಸ್ಸಿಳಿದು ಹಿಡಿದ ಆಟೋ ಕೋಟೆಯ ಬಾಗಿಲಿಗೆ ಬಿಟ್ಟಾಗ ಬಿಸಿಲು ಇಳಿಯುತ್ತಿತ್ತು. ನಾನು ಚಪ್ಪಲಿ ಬಿಚ್ಚಿ ಹೊಸ ಬೂಟು ಹಾಕಿಕೊಂಡೆ. ಚಪ್ಪಲಿಯನ್ನು ತಂಗಿ ಚೀಲಕ್ಕೆ ಹಾಕಿಕೊಂಡು, ಬಿದ್ದರೆ ಹಿಡಿಯಲೆಂದು ನನ್ನ ಹಿಂದೆಯೇ ಬಂದಳು. ಒಂದು ಬಾಗಿಲು ದಾಟಿದೆವು. ಮೆಟ್ಟಿಲು ಶುರುವಾದ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಏದುಸಿರು ಕೇಳಿತು. ತಿರುಗಿದರೆ ಅವಳು ಗೋಡೆಗೆ ಒರಗಿ ಎರಡೂ ಮಂಡಿ ಹಿಡಿದು ನಿಂತಿದ್ದಳು. ಮುಖ ಬಿಳಿಚಿತ್ತು.

"ಏನಾಯ್ತೇ?"

"ಮಂಡಿ ಹಿಡ್ಕಂಡೈತೆ. ಒಂದು ವರ್ಷದಿಂದ ಹಿಂಗೇ. ಹೇಳಿದ್ರೆ ನೀ ಬೇರೆ ಯಾರನ್ನಾರಾ ಕರ್ಕಂಡು ಹೋಗ್ತಿದ್ದೆ."

ಮಂಡಿ ಬಗ್ಗದವಳು ನನ್ನನ್ನು ಹಡಗಿನಲ್ಲಿ ಕೂರಿಸಿ ತಾನು ದೋಣಿಗೆ ಹೋಗಲು ಹೊರಟಿದ್ದಳು! ಪಾಪ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ.

"ಹಂಗಾದ್ರೆ ನೀ ಇಲ್ಲೇ ಕುಂತಿರು" ಎಂದೆ. ಆ ಮಾತು ಹೇಳಲು ಎಷ್ಟು ರುಚಿ ಎಂದು ನನಗೆ ಅವತ್ತು ಗೊತ್ತಾಯಿತು. "ನನ್ನ ಚಪ್ಪಲಿ ನೋಡ್ಕ."

ಅವಳು ಕಲ್ಲಿನ ಮೇಲೆ ಕೂತಳು. ನಾನು ಹತ್ತಿದೆ. ಕೆಲವು ಮೆಟ್ಟಿಲು ನಮ್ಮ ಮನೆಯ ಹೊಸ್ತಿಲಿನಷ್ಟೇ ಎತ್ತರ. ಪಕ್ಕಕ್ಕೆ ತಿರುಗಿ, ಸೀರೆಯ ಜೊತೆ ಮಂಡಿ ಹಿಡಿದೆತ್ತಿ, ಕಾಲು ಮೇಲಿಟ್ಟು, ಆಮೇಲೆ ಮೈ. ಯಾರೋ "ಅಮ್ಮಾ, ಕೈ ಕೊಡ್ಲಾ?" ಎಂದರು. "ದಾರಿ ಬಿಡ್ರಿ ಸಾಕು" ಎಂದೆ. ಕುಳಿತೆ, ಎದ್ದೆ, ಮತ್ತೆ ಕುಳಿತೆ. ಬೆನ್ನೆಲ್ಲ ಒದ್ದೆಯಾಯಿತು. ಕೊನೆಗೆ ದೇವಸ್ಥಾನದ ಮುಂದಿನ ಬಯಲಿಗೆ ಬಂದಾಗ ಎದುರಿಗೆ ಕಲ್ಲಿನ ಉಯ್ಯಾಲೆ ಕಂಬ ನಿಂತಿತ್ತು.

ಫೋಟೋದಲ್ಲಿ ನೋಡಿದ್ದೆ. ಫೋಟೋದಲ್ಲಿ ಅದು ಅಂಗೈಯಷ್ಟು. ಇಲ್ಲಿ ತಲೆ ಹಿಂದಕ್ಕೆ ಚಾಚಿದರೂ ಮುಗಿಯುತ್ತಿರಲಿಲ್ಲ. ಕೆಳಗೆ ಊರೆಲ್ಲ ಬಿದ್ದುಕೊಂಡಿತ್ತು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಗಾಳಿ ಬಂದು ನನ್ನ ಸೆರಗು ಹಾರಿಸಿತು. ಇಷ್ಟೆಲ್ಲ ಇಟ್ಟುಕೊಂಡು ಬರೀ ಕಲ್ಲು ಅಂದಿದ್ದರು! ಅಪ್ಪ, ಅಮ್ಮ, ಎಲ್ಲರನ್ನೂ ಅಲ್ಲಿಯೇ ನಿಂತು ಬಾಯಿಗೆ ಬಂದಂತೆ ಬೈದೆ. ಸತ್ತವರೆಂದೂ ನೋಡಲಿಲ್ಲ. ಬೈಯುತ್ತಲೇ ಅತ್ತೆ.

ಇಳಿದು ಬಂದಾಗ ತಂಗಿ ಅದೇ ಕಲ್ಲಿನ ಮೇಲಿದ್ದಳು. ಚೀಲದಿಂದ ನನ್ನ ಚಪ್ಪಲಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದಳು. ನನ್ನ ಬೆವರು, ನನ್ನ ಕೆಂಪು ಮುಖ ನೋಡಿದಳು.

"ಹತ್ತಿದೆಯಾ? ಮೇಲೆ ಹೆಂಗೈತೆ ಈಗ?" ಎಂದು ಕೇಳಿದಳು.

"ಏನೂ ಇಲ್ಲ ಕಣೇ" ಎಂದೆ. "ಬರೀ ಕಲ್ಲು."

ಅವಳು ತಲೆ ತಗ್ಗಿಸಿದಳು. ಆಮೇಲೆ ಫೋನ್ ತೆಗೆದು ಟೂರ್ ಆಫೀಸಿನವನಿಗೆ ಹಚ್ಚಿದಳು.

"ದೋಣಿಗೆ ಅಕ್ಕನ ಹೆಸರು ಬರ್ಕಳ್ರಿ. ನಂದು ತೆಗೀರಿ."

ಫೋನಿನೊಳಗಿಂದ ಅವನ ದನಿ ನನಗೂ ಕೇಳಿಸಿತು. "ಯಾಕೆ ಮೇಡಂ? ನೀವೊಬ್ಬರೇ ಹಡಗಲ್ಲಿ ಕೂತು ಏನ್ ಮಾಡ್ತೀರಿ?"

ತಂಗಿ ನನ್ನ ಕಡೆ ನೋಡಲಿಲ್ಲ. ನನ್ನ ಎಡಗಾಲಿನ ಚಪ್ಪಲಿಯ ಧೂಳನ್ನು ಸೆರಗಿನಿಂದ ಒರೆಸುತ್ತ, "ಚಪ್ಪಲಿ ಕಾಯ್ತೀನಿ" ಎಂದಳು.

ನಾನು ಬೇಡ ಅನ್ನಲಿಲ್ಲ.