ಆ ರಾತ್ರಿಯ ಸಹಿ

ಈರಪ್ಪಣ್ಣ, ಆ ರಾತ್ರಿ ಡ್ಯೂಟಿಯಲ್ಲಿ ನಾನಿದ್ದೆ ಎಂದು ವಿಚಾರಣೆಯಲ್ಲಿ ಹೇಳಿದ್ದು ಸುಳ್ಳು. ನಾನಿರಲಿಲ್ಲ. ಇಡೀ ರಾತ್ರಿ ನೀವಿದ್ದಿರಿ. ಆರು ವರ್ಷ ಈ ಮಾತನ್ನು ನುಂಗಿಕೊಂಡು ಕೂತೆ.

ಖಾನಾಪುರದ ನಮ್ಮ ವಿದ್ಯುತ್ ಉಪಕೇಂದ್ರಕ್ಕೆ ಬೇಕಾದವರು ನಾಲ್ವರು, ಇದ್ದವರು ನಾವಿಬ್ಬರು. ಬುಕ್ಕಿನಲ್ಲಿ ಎಂಟೆಂಟು ತಾಸಿನ ಪಾಳಿ. ನಿಜದಲ್ಲಿ ಒಬ್ಬೊಬ್ಬರಿಗೆ ಇಪ್ಪತ್ನಾಲ್ಕು ತಾಸು. ಬುಕ್ಕು ಸರಿ ಕಾಣಲೆಂದು ಸಹಿಗಳನ್ನು ಮೊದಲೇ ಹಂಚಿ ಹಾಕಿಬಿಡುತ್ತಿದ್ದೆವು — ನೀವಿದ್ದ ರಾತ್ರಿಗೆ ನನ್ನ ಸಹಿ, ನಾನಿದ್ದ ರಾತ್ರಿಗೆ ನಿಮ್ಮದು. ಮೇಲಿನವರಿಗೂ ಗೊತ್ತಿತ್ತು. ಯಾರೂ ಕೇಳಲಿಲ್ಲ.

ಆ ರಾತ್ರಿ ಕಳೆದು, ಸೋಮವಾರ ಬೆಳಿಗ್ಗೆ ಎಂಟಕ್ಕೆ ನಾನು ಬಂದು ನಿಮ್ಮನ್ನು ಮನೆಗೆ ಕಳಿಸಬೇಕಿತ್ತು. ಹೊರಟಿದ್ದೆ, ಖರೇ. ಬೆಳಗಾವಿ ಬಸ್‌ಸ್ಟ್ಯಾಂಡಿನಲ್ಲಿ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಖಾನಾಪುರದ ಬಸ್ಸುಗಳು ಬಂದವು, ಹೋದವು — ಏಳಲಾಗಲಿಲ್ಲ. ಜ್ವರವಿರಲಿಲ್ಲ. ದುಃಖವೂ ಅಲ್ಲ. ಒಳಗೆ ಏನೂ ಇರಲಿಲ್ಲ, ಅಷ್ಟೇ... ನಿಮಗೆ ಫೋನ್ ಮಾಡಿದೆ.

"ಅಣ್ಣಾ, ಇವತ್ತ ಬರಾಕ ಆಗವಲ್ದರಿ."

"ಆತ ಬಿಡ, ಹೋಗಿ ಮಕ್ಕೊ. ನಾ ಅದೀನಿ."

ಏಕೆಂದು ನೀವು ಕೇಳಲಿಲ್ಲ. ಮನೆಗೆ ಹೋಗಿ ಮಲಗಿದೆ. ನಿದ್ದೆ ಬಂತು ಕೂಡ.

ಮಧ್ಯಾಹ್ನ ಒಂದಕ್ಕೆ, ಕಂಬದ ಮೇಲೆ ಲೈನ್‌ಮನ್ ಇದ್ದಾನೆಂಬುದನ್ನು ಮರೆತು ನೀವು ಕರೆಂಟ್ ಬಿಟ್ಟಿರಿ. ಅವನಿಗಾಗಿ ನೀವೇ ಬಂದ್ ಮಾಡಿದ್ದ ಲೈನು. ಅವನು ಬದುಕಿದ; ಬಲಗೈ ಹೋಯಿತು. ನೀವು ಕೂತು ಇಪ್ಪತ್ತೊಂಬತ್ತು ತಾಸಾಗಿತ್ತು. ಬುಕ್ಕಿನಲ್ಲಿ ರಾತ್ರಿ ನಾನು, ಬೆಳಿಗ್ಗೆಯಿಂದ ನೀವು — ಹಾಗಾಗಿ ಐದೇ ತಾಸು.

ವಿಚಾರಣೆಯಲ್ಲಿ ಸಾಹೇಬರು ಕೇಳಿದರು: "ಹಿಂದಿನ ರಾತ್ರಿ ಯಾರಿದ್ರು?"

"ನಾನ ಇದ್ದೆರಿ."

ನೀವು ನನ್ನ ಕಡೆ ಒಮ್ಮೆ ನೋಡಿ, ಕೈಯಲ್ಲಿದ್ದ ಟವೆಲ್ ಮಡಚಿದಿರಿ. ನೀವು ಬಾಯಿ ಬಿಟ್ಟಿದ್ದರೆ ನನ್ನ ನೌಕರಿಯೂ ಹೋಗುತ್ತಿತ್ತು. ರಾತ್ರಿಯಿಡೀ ವಿಶ್ರಾಂತಿ ಸಿಕ್ಕಿದ್ದರೂ ನಿರ್ಲಕ್ಷ್ಯ ಮಾಡಿದರೆಂದು ಬರೆದು ನಿಮ್ಮನ್ನು ತೆಗೆದುಹಾಕಿದರು.

ಮುಂದಿನ ತಿಂಗಳೇ ಮೂವರು ಹೊಸಬರು ಬಂದರು. ಈಗ ನನ್ನದು ಎಂಟೇ ತಾಸು, ಅಣ್ಣ. ನಾಚಿಕೆಯಾಗಬೇಕಿತ್ತು, ಬಹಳ ದಿನ ಅದೂ ಆಗಲಿಲ್ಲ.

ಕಳೆದ ವಾರ ಬೆಳಗಾವಿಯ ರವಿವಾರ ಪೇಟೆಯಲ್ಲಿ ನೀವು ಟೆಂಪೋಗೆ ಚೀಲ ಏರಿಸುತ್ತಿದ್ದಿರಿ. ಬೈಯುತ್ತೀರೇನೋ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಬೆವರು ಒರೆಸಿಕೊಂಡು ಕೇಳಿದಿರಿ: "ಈಗರೆ ನಿದ್ದಿ ಆಗತೈತೇನೋ ತಮ್ಮಾ?"

ಇಂದು ಆಫೀಸಿಗೆ ಹೋಗಿ ಬರೆದುಕೊಟ್ಟೆ — ಆ ರಾತ್ರಿ ನಾನಿರಲಿಲ್ಲ, ಬೆಳಿಗ್ಗೆಯೂ ಬರಲಿಲ್ಲ, ಸಹಿ ಸುಳ್ಳು. ನೌಕರಿ ಹೋದರೆ ಹೋಗಲಿ. ಅದರ ಪ್ರತಿ ಹಿಡಿದುಕೊಂಡು ನಾಳೆ ಬೆಳಗಿನ ಬಸ್ಸಿಗೆ ಹಲಸಿ ಊರಿಗೆ, ನಿಮ್ಮ ಮನೆಗೆ ಬರುತ್ತೇನೆ. ಈ ಸಲ ಬಸ್ಸು ಹತ್ತುತ್ತೇನೆ, ಅಣ್ಣ.